ಎಂಟು ಇಂಚು ಏಳು ಸೂತ

ಮೊದಲಿಗೇ ಓದುಗರ ಕ್ಷಮೆ ಕೇಳುತ್ತೇನೆ. ನಾನು ಬಡಗಿಯಲ್ಲ. ಕಟ್ಟಿಗೆ, ಯಂತ್ರ, ಅಳತೆ ಇವುಗಳ ಬಗ್ಗೆ ಇಲ್ಲಿ ಬರೆದದ್ದನ್ನೆಲ್ಲ ಕೇಳಿ ತಿಳಿದು ಬರೆದಿದ್ದೇನೆ. ಎಲ್ಲಾದರೂ ಒಂದು ಸೂತ ಹೆಚ್ಚು ಕಡಿಮೆಯಾಗಿದ್ದರೆ ಅದು ನನ್ನ ತಪ್ಪು, ಹೇಳಿದವರದಲ್ಲ. ಇನ್ನೊಂದು ಅಂಜಿಕೆಯೂ ಇದೆ. ಮುರಿಗೆಪ್ಪ ಬಡಿಗೇರ ತಮ್ಮ ಬಗ್ಗೆ ಬರೆಯಲು ಒಪ್ಪಿದ್ದು ಒಂದೇ ಒಂದು ಷರತ್ತಿನ ಮೇಲೆ. ಹನ್ನೊಂದು ವರ್ಷದ ಹಿಂದೆ ಅವರು ಮಾಡಿದ ಒಂದು ತಪ್ಪು ಬೇರೊಬ್ಬರ ಹೆಸರಿಗೆ ಅಂಟಿಕೊಂಡು ಕುಳಿತಿದೆ. ಅದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು, ಬರೆಯಲು ಆಗದಿದ್ದರೆ ಉಳಿದದ್ದೂ ಬೇಡ ಎಂದರು. ಒಬ್ಬರ ಮನೆಯ ಮಾತನ್ನು ಭಾನುವಾರದ ಪುರವಣಿಯಲ್ಲಿ ಹಾಕುವ ಹಕ್ಕು ನನಗೆ ಇದೆಯೇ ಎಂದು ಬಹಳ ಯೋಚಿಸಿದೆ. ಕೊನೆಗೆ ಅವರ ಮಾತಿಗೆ ಕಟ್ಟುಬಿದ್ದು ಬರೆಯುತ್ತಿದ್ದೇನೆ.

ಬೆಳಗಿನ ಆರು ಗಂಟೆ. ಗೋಕಾಕದಿಂದ ಮೂಡಲಗಿಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ತಗಡಿನ ಶೆಡ್ಡು. ಕಬ್ಬು ಹೇರಿದ ಟ್ರ್ಯಾಕ್ಟರು ಹಾದಾಗಲೆಲ್ಲ ತಗಡು ನಡುಗುತ್ತದೆ. ಒಳಗೆ ಒಂದೇ ಬಲ್ಬು. ಅದರ ಕೆಳಗೆ ಐವತ್ತೊಂಬತ್ತು ವರ್ಷದ ಮುರಿಗೆಪ್ಪ, ಸ್ವೆಟರಿನ ಮೇಲೆ ಮಾಸಿದ ಅಂಗಿ ಹಾಕಿಕೊಂಡು, ಮೇಜಿನ ಮೇಲೆ ಹರವಿದ ಪ್ಲೈವುಡ್ ಹಲಗೆಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯುತ್ತಾರೆ. ಗೆರೆಗಳು ಕೂಡಿದ ಜಾಗದಲ್ಲಿ ಚೂಪಾದ ಉಳಿಯಿಂದ ಒಂದು ಚುಕ್ಕೆ. ಆ ಚುಕ್ಕೆಯ ಮೇಲೆ ಒಂದು ಮೊಳೆ. ಮೊಳೆಗೆ ಉದ್ದನೆಯ ಒಂದು ಪಟ್ಟಿ ಸಿಗಿಸುತ್ತಾರೆ. ಪಟ್ಟಿಯ ಇನ್ನೊಂದು ತುದಿಯಲ್ಲಿ ಕಟ್ಟಿಗೆ ಕೊರೆಯುವ ರೂಟರ್ ಯಂತ್ರ ಕುಳಿತಿದೆ.

ಅವರು ಟೇಪು ಹಿಡಿದು ಮೊಳೆಯಿಂದ ಬಿಟ್ಟಿನ, ಅಂದರೆ ಯಂತ್ರದ ಕೊರೆಯುವ ಅಲಗಿನ, ಅಂಚಿನವರೆಗೆ ಅಳೆಯುತ್ತಾರೆ. ಆಮೇಲೆ ದೊಡ್ಡ ದನಿಯಲ್ಲಿ ಹೇಳುತ್ತಾರೆ: "ಹದಿನೈದ ಇಂಚ."

ಹೇಳಿ ಸುಮ್ಮನೆ ನಿಲ್ಲುತ್ತಾರೆ. ಯಾರೋ ಉತ್ತರ ಕೊಡಬೇಕು ಎನ್ನುವ ಹಾಗೆ. ನಾನು ಹಿಂದಿರುಗಿ ನೋಡಿದೆ. ಶೆಡ್ಡಿನಲ್ಲಿ ನಾವಿಬ್ಬರೇ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಕಳೆದ ಮೇಲೆ ಅವರು ಸ್ವಿಚ್ಚು ಒತ್ತಿದರು. ಯಂತ್ರ ಮೊಳೆಯ ಸುತ್ತ ನಿಧಾನವಾಗಿ ತಿರುಗಿತು, ಒಂದು ಸುತ್ತಿಗೆ ಸ್ವಲ್ಪ ಆಳ, ಇನ್ನೊಂದು ಸುತ್ತಿಗೆ ಇನ್ನೂ ಸ್ವಲ್ಪ. ಮೂರನೆಯ ಸುತ್ತು ಮುಗಿದಾಗ ಹಲಗೆಯಿಂದ ಒಂದು ದುಂಡು ತುಂಡು ಕಳಚಿಕೊಂಡಿತು.

ಆ ದುಂಡು ತುಂಡಿನ ಅಂಚಿಗೆ ಅವರು ಹೆಬ್ಬೆರಳು ಹಚ್ಚಿ ಪೂರ್ತಿ ಒಂದು ಸುತ್ತು ಸವರಿದರು. ಆಮೇಲೆ ನನ್ನ ಕೈಗೆ ಕೊಟ್ಟರು. "ಎಲ್ಲಿ ಸುರು ಆತು ಹುಡುಕ್ರಿ" ಎಂದರು. ನಾನು ಎರಡು ಸಲ ಸವರಿದೆ, ಸಿಗಲಿಲ್ಲ. "ಸಿಗಬಾರದ್ರಿ. ಸಿಕ್ಕರ ಮೊಳಿ ಅಳ್ಳಾಡೈತಿ ಅಂತ ಲೆಕ್ಕ."

ಈ ಸೀಮೆಯ ಬಡಗಿಗಳು ಅವರನ್ನು ಕರೆಯುವುದು ರೌಂಡ್ ಮುರಿಗೆಪ್ಪ ಎಂದು. ಬಾಗಿಲು, ಮಂಚ, ಕಪಾಟು ಇವೆಲ್ಲ ಬೇರೆಯವರು ಮಾಡುತ್ತಾರೆ. ಅದರಲ್ಲಿ ದುಂಡಗಿನದು ಏನಾದರೂ ಬಂದರೆ ಇಲ್ಲಿಗೆ ತರುತ್ತಾರೆ. ಹೋಟೆಲಿನ ಮೇಜು, ಸ್ಟೂಲಿನ ಮೇಲ್ಭಾಗ, ಚಪಾತಿ ಲಟ್ಟಿಸುವ ಮಣೆ, ಸೌಂಡ್ ಬಾಕ್ಸಿನಲ್ಲಿ ಸ್ಪೀಕರು ಕೂರುವ ಕಿಂಡಿ. ದಿನಕ್ಕೆ ಇಪ್ಪತ್ತೈದು, ಮದುವೆಯ ತಿಂಗಳುಗಳಲ್ಲಿ ನಲವತ್ತು. ಪಟ್ಟಿ ಗಾಣದ ಕೋಲಿನಂತೆ ಸುತ್ತುವುದರಿಂದ ಅದಕ್ಕೆ ಗಾಣ ಎಂದೇ ಹೆಸರು. ಗಿರಾಕಿಗಳು ಬಂದು "ಕಾಕಾ, ಗಾಣ ಖಾಲಿ ಐತೇನ್ರಿ" ಎಂದು ಕೇಳುತ್ತಾರೆ. ಮಾಡಿದ ವಸ್ತು ಮುಗಿದು ಎಲ್ಲಿಗೆ ಹೋಯಿತು ಎಂಬುದು ಇವರಿಗೆ ತಿಳಿಯುವುದಿಲ್ಲ. ಮಧ್ಯದ ಮೊಳೆಯ ತೂತು ಮೇಜಿನ ಕೆಳಮೈಯಲ್ಲಿ ಉಳಿದುಕೊಳ್ಳುತ್ತದೆ. ಅದೊಂದೇ ಇವರ ಗುರುತು. ಮೇಜಿನ ಕೆಳಗೆ ಬಗ್ಗಿ ನೋಡುವವರು ಯಾರು?

ಗಾಣವನ್ನು ಕೂರಿಸುವ ಕೆಲಸವೇ ದೊಡ್ಡದು. ಒಂದು ದಿನ ಹಳೆಯ ಪಟ್ಟಿ ಸೀಳಿತ್ತು, ಹೊಸದನ್ನು ಕೂರಿಸುವುದನ್ನು ನೋಡುವ ಅವಕಾಶ ನನಗೆ ಸಿಕ್ಕಿತು. ಯಂತ್ರವನ್ನು ಬೋರಲು ಮಾಡಿ ಅದರ ಅಡಿಯ ಕರಿ ತಟ್ಟೆಯನ್ನು ಬಿಚ್ಚಿದರು. ಆ ತಟ್ಟೆಯನ್ನೇ ಹೊಸ ಪಟ್ಟಿಯ ತುದಿಗಿಟ್ಟು ಸ್ಕ್ರೂಗಳ ಜಾಗ ಗುರುತಿಸಿ, ತೂತು ಕೊರೆದು, ಯಂತ್ರವನ್ನು ಪಟ್ಟಿಗೆ ಬಿಗಿದರು. ಆಮೇಲೆ ಬಿಟ್ಟು ಹಾಕುವ ಜಾಗದಲ್ಲಿ ಸೂಜಿಯಂತೆ ಚೂಪಾದ ಒಂದು ಕಬ್ಬಿಣದ ಕಡ್ಡಿಯನ್ನು ಸಿಗಿಸಿ, ಯಂತ್ರವನ್ನು ಮೆಲ್ಲಗೆ ಕೆಳಗಿಳಿಸಿದರು. ಕಡ್ಡಿ ಪಟ್ಟಿಯ ಮೇಲೆ ಒಂದು ಚುಕ್ಕೆ ಊರಿತು. ಅದೇ ಯಂತ್ರದ ನಟ್ಟನಡು. ಆ ಚುಕ್ಕೆಯಿಂದ ಪಟ್ಟಿಯ ಉದ್ದಕ್ಕೂ ಒಂದು ಗೆರೆ, ಗೆರೆಯ ಮೇಲೆಯೇ ಮೊಳೆಯ ತೂತುಗಳು. ಇಷ್ಟಕ್ಕೆ ಎರಡು ತಾಸು ಹಿಡಿಯಿತು. ಸಾಮಾನ್ಯವಾಗಿ ಇಂಥ ಪಟ್ಟಿಯ ಮೇಲೆ ಇಂಚಿನ ಗುರುತು ಹಾಕಿಕೊಳ್ಳುತ್ತಾರಂತೆ, ಪ್ರತಿ ಸಲ ಅಳೆಯುವುದು ತಪ್ಪುತ್ತದೆ. ಇವರ ಪಟ್ಟಿಯ ಮೇಲೆ ಒಂದು ಗುರುತೂ ಇಲ್ಲ. ಯಾಕೆ ಎಂದು ಕೇಳಿದೆ. "ಆಮ್ಯಾಲೆ ಹೇಳತೇನ್ರಿ" ಎಂದು ಸ್ಕ್ರೂ ಬಿಗಿದರು.

ಹಲಗೆ ಕೊನೆಯ ಸುತ್ತಿನಲ್ಲಿ ಕಳಚಿಕೊಳ್ಳುವಾಗ ದುಂಡು ತುಂಡು ಜಿಗಿಯುತ್ತದೆ, ಜಿಗಿದರೆ ಅಂಚು ಕಚ್ಚಿಹೋಗುತ್ತದೆ. ಅದಕ್ಕೆ ಇನ್ನೊಬ್ಬರು ಕೈಯೂರಿ ಹಿಡಿದಿರಬೇಕು. ಮುರಿಗೆಪ್ಪನವರು ಅಲ್ಲೊಂದು ಉಸುಕಿನ ಚೀಲ ಇಡುತ್ತಾರೆ. ಹಳೆಯ ಪ್ಯಾಂಟಿನ ಕಾಲನ್ನು ಹೊಲಿದು ಮಾಡಿದ ಚೀಲ. ಹೊಲಿದವರು ಅವರ ಹೆಂಡತಿ ಕಾಶೆವ್ವ.

ಶೆಡ್ಡಿನ ಹಿಂದೆಯೇ ಮನೆ. ಚಹಾ ತಂದ ಕಾಶೆವ್ವ ಚೀಲದ ಕಡೆ ಕೈ ತೋರಿಸಿ ನನಗೆ ಹೇಳಿದರು: "ಅದರ ಜತಿ ಮಾತಾಡತಾರ ನೋಡ್ರಿ ದಿನಾ. ನನ್ನ ಜತಿ ಮಾತಾಡಂದ್ರ ಬಾಯಾಗ ಮೊಳಿ ಹಿಡಕೊಂಡಿರತಾರ." ಮುರಿಗೆಪ್ಪ ನಕ್ಕರು. ಬಾಯಲ್ಲಿ ನಿಜವಾಗಿಯೂ ಎರಡು ಮೊಳೆಗಳಿದ್ದವು.

ಮಾತಿನ ನಡುವೆ ಅವರು ಒಂದು ವಿಚಿತ್ರ ಹೇಳಿದರು. ಗೋಕಾಕದಲ್ಲಿ ಈಗ ಕಂಪ್ಯೂಟರಿನಿಂದ ಕೊರೆಯುವ ಯಂತ್ರ ಬಂದಿದೆ. ಒಂದು ನಿಮಿಷಕ್ಕೆ ಒಂದು ದುಂಡು. ಹತ್ತಿರದ ಗಿರಾಕಿಗಳು ಕೆಲವರು ಅಲ್ಲಿಗೆ ಹೋದರು. ಆದರೆ ಸಂಕೇಶ್ವರದ ಕಡೆಯಿಂದ, ಅಷ್ಟು ದೂರದಿಂದ, ತಿಂಗಳಿಗೆ ನಾಲ್ಕೈದು ಜನ ಟೆಂಪೋದಲ್ಲಿ ಹಲಗೆ ಹಾಕಿಕೊಂಡು ಇವರನ್ನೇ ಹುಡುಕಿಕೊಂಡು ಬರುತ್ತಾರೆ. ಯಾರು ಹೇಳಿದರು ಎಂದು ಕೇಳಿದರೆ ಅಲ್ಲಿ ಯಾರೋ ಹೇಳಿದರು ಎನ್ನುತ್ತಾರೆ. "ನನಗ ಆ ಕಡೆ ಯಾರೂ ಇಲ್ರಿ" ಎಂದವರು ಆಮೇಲೆ, "ಒಬ್ಬ ಇದ್ದ" ಎಂದರು.

ಆ ಒಬ್ಬರ ಹೆಸರು ಗಜಾನನ ಸುತಾರ. ಊರು ಸಂಕೇಶ್ವರ. ಇಬ್ಬರೂ ಇಪ್ಪತ್ತೆರಡು ವರ್ಷ ಜೊತೆಗೆ ಕೆಲಸ ಮಾಡಿದರು. ಆಗ ಗಾಣಕ್ಕೆ ಇಬ್ಬರು ಬೇಕಿತ್ತು. ಮುರಿಗೆಪ್ಪ ಮೊಳೆ ಹೊಡೆದು ಅಳತೆ ಕೂರಿಸುವುದು, ಗಜಾನನ ಯಂತ್ರ ತಿರುಗಿಸುವುದು. ಅವರೇ ಮಾಡಿಕೊಂಡ ಒಂದು ಪದ್ಧತಿ ಇತ್ತು. ಅಳತೆ ಕೂರಿಸಿದವನು ಅದನ್ನು ಕೂಗಿ ಹೇಳಬೇಕು. ತಿರುಗಿಸುವವನು ತನ್ನ ಟೇಪಿನಿಂದ ತಾನೇ ಮತ್ತೊಮ್ಮೆ ಅಳೆದು ಅದನ್ನೇ ತಿರುಗಿ ಕೂಗಬೇಕು. ಎರಡೂ ಕೂಡಿದರೆ ಮಾತ್ರ ಸ್ವಿಚ್ಚು. ಗಜಾನನ ಬರೀ ಅಳತೆ ಕೂಗುತ್ತಿರಲಿಲ್ಲವಂತೆ, ಜೊತೆಗೊಂದು ಚೇಷ್ಟೆಯ ಮಾತು ಇರುತ್ತಿತ್ತು. ಹದಿನೆಂಟು ಎಂದರೆ "ಹದಿನೆಂಟು, ಕಾಶೆವ್ವಕ್ಕನ ರೊಟ್ಟಿಗಿಂತ ಸಣ್ಣದು" ಎನ್ನುತ್ತಿದ್ದರಂತೆ. ಒಳಗಿನಿಂದ ಕಾಶೆವ್ವ ಬೈಯುತ್ತಿದ್ದರಂತೆ.

ಮುರಿಗೆಪ್ಪ ಈಗಲೂ ಅಳತೆ ಕೂಗಿ ಒಂದು ಉಸಿರು ಕಾಯುವುದು ಆ ಪದ್ಧತಿಯೇ. ಎರಡನೆಯ ದನಿ ಮಾತ್ರ ಇಲ್ಲ.

ಈಗ ಆ ತಪ್ಪಿನ ವಿಷಯ. ಇದನ್ನು ಮುರಿಗೆಪ್ಪ ನನಗೆ ಎರಡು ಸಲ ಹೇಳಿದರು. ಎರಡನೆಯ ಸಲ ನಾನು ಬರೆದುಕೊಂಡದ್ದನ್ನು ಓದಿಸಿ ಕೇಳಿದರು.

ಹುಕ್ಕೇರಿಯಲ್ಲಿ ಒಂದು ಸಭಾಭವನ ಕಟ್ಟುತ್ತಿದ್ದರು. ಗುತ್ತಿಗೆದಾರರು ಅಣ್ಣಾಸಾಹೇಬ ಎನ್ನುವವರು. ಗೋಡೆಯ ಮೇಲ್ಭಾಗದಲ್ಲಿ ಹದಿನಾಲ್ಕು ದುಂಡು ಕಿಟಕಿ, ಸಾಗವಾನಿ ಚೌಕಟ್ಟು, ಒಳಗೆ ಬಣ್ಣದ ಗಾಜು. ಗಾಜುಗಳು ಮೊದಲೇ ಕತ್ತರಿಸಿ ಬಂದಿದ್ದವು, ಅಡ್ಡಳತೆ ಹದಿನೆಂಟು ಇಂಚು. ಚೌಕಟ್ಟಿನ ಕಿಂಡಿ ಅದಕ್ಕಿಂತ ಕಾಲು ಇಂಚು ಸಣ್ಣದಿರಬೇಕು, ಆಗ ಸುತ್ತಲೂ ಒಂದು ಸೂತ, ಅಂದರೆ ಇಂಚಿನ ಎಂಟನೆಯ ಒಂದು ಪಾಲು, ಗಾಜಿಗೆ ಆಸರೆ ಸಿಗುತ್ತದೆ. ಹೊರಗಿನಿಂದ ಪಟ್ಟಿ ಹೊಡೆದು ಅದನ್ನು ಬಿಗಿಯುತ್ತಾರೆ. ಕಿಂಡಿ ಕೊರೆಯುವಾಗ ಮೊಳೆಯಿಂದ ಬಿಟ್ಟಿನ ಹೊರ ಅಂಚಿಗೆ ಅಳೆಯಬೇಕು. ಅಳತೆ ಕಿಂಡಿಯ ಅಗಲದ ಅರ್ಧ, ಎಂಟು ಇಂಚು ಏಳು ಸೂತ.

ಆಗ ಪಟ್ಟಿಯ ಮೇಲೆ ಮುರಿಗೆಪ್ಪನವರ ಕೈಯ ಪೆನ್ಸಿಲ್ ಗುರುತುಗಳಿದ್ದವು. ಅವನ್ನು ಹಾಕಿದ್ದು ಕಾಲು ಇಂಚು ದಪ್ಪದ ಬಿಟ್ಟಿಗೆ. ಹಿಂದಿನ ಸಂಜೆ ಆ ಬಿಟ್ಟು ಮುರಿದಿತ್ತು. ಮುರಿಗೆಪ್ಪ ಅರ್ಧ ಇಂಚಿನ ಬಿಟ್ಟು ಹಾಕಿದ್ದರು. ಬಿಟ್ಟು ದಪ್ಪವಾದಷ್ಟು ಅದರ ಅಂಚು ಹೊರಗೆ ಸರಿಯುತ್ತದೆ, ಇಲ್ಲಿ ಒಂದು ಸೂತ. ಬೆಳಿಗ್ಗೆ ಅಣ್ಣಾಸಾಹೇಬರ ಫೋನು ಮೇಲಿಂದ ಮೇಲೆ ಬರುತ್ತಿತ್ತು. ಮುರಿಗೆಪ್ಪ ಟೇಪು ಹಿಡಿಯದೆ ಹಳೆಯ ಗುರುತಿಗೇ ಮೊಳೆ ಹಾಕಿ ಎಂಟು ಇಂಚು ಏಳು ಸೂತ ಎಂದು ಕೂಗಿದರು.

"ಗಜಾನನ ಟೇಪ ತಗದಿದ್ದರಿ. ಹಿಡೀಲೇನು ಅಂದ. ನಾ ಅಂದ್ನಿ, ಗುರುತಿನ ಮ್ಯಾಲೆ ಐತಿ, ಹಿಡಿಯೂದು ಬ್ಯಾಡ, ತಿರಗಸು. ಇಪ್ಪತ್ತೆರಡು ವರ್ಷದಾಗ ಅದೊಂದ ಸಲ ಅವನ ಟೇಪ ಕಿಸೆಕ್ಕ ವಾಪಸ್ ಹಾಕ್ಸೇನ್ರಿ. ಅಂವ ಹಿಡದಿದ್ರ ಸರೀ ಒಂಬತ್ತ ತೋರಿಸ್ತಿತ್ತು."

ಹದಿನಾಲ್ಕೂ ಕಿಂಡಿಗಳು ಹದಿನೆಂಟು ಇಂಚಾದವು. ಗಾಜಿನಷ್ಟೇ. ಹುಕ್ಕೇರಿಯಲ್ಲಿ ಮೊದಲ ಚೌಕಟ್ಟನ್ನು ಗೋಡೆಗೆ ಕೂರಿಸಿ ಗಜಾನನ ಅಟ್ಟಣಿಗೆಯ ಮೇಲಿಂದ ಗಾಜು ಇಟ್ಟರು. ಗಾಜು ಎಲ್ಲಿಯೂ ತಡೆಯದೆ ಕಿಂಡಿಯಿಂದ ಹಾಯ್ದು ಆಚೆ ನೆಲಕ್ಕೆ ಬಿತ್ತು. ಅಣ್ಣಾಸಾಹೇಬರು ಓಡಿ ಬಂದು ಟೇಪು ಹಿಡಿದರು. ಇದು ಯಾರ ಕೈ ಎಂದು ಕೇಳಿದರು.

ಗಜಾನನ ಹೇಳಿದ್ದು ಇಷ್ಟೇ: "ಮಷೀನ ನನ್ನ ಕೈಯಾಗ ಇತ್ತರಿ."

ಅದು ಸುಳ್ಳಲ್ಲ. ಹೇಳಿ ಅವರು ಮುರಿಗೆಪ್ಪನವರ ಕಡೆ ನೋಡಿದರು. ಮುರಿಗೆಪ್ಪ ಕೆಳಗೆ ಕುಳಿತು ಗಾಜಿನ ಚೂರು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಒಂದ ತಾಸು ಬಿಟ್ಟು ಹೇಳೂನು ಅಂದ್ನಿ. ಆಮ್ಯಾಲೆ ನಾಳೆ ಹೇಳೂನು ಅಂದ್ನಿ. ಮರುದಿನ ಅಂವ ಹತ್ಯಾರ ಚೀಲಾ ತಗೊಂಡು ಹೋಗಿದ್ದ."

ಅಂದಿನ ರಾತ್ರಿ ಊಟಕ್ಕೆ ಕುಳಿತ ಗಂಡ ರೊಟ್ಟಿ ಮುರಿದು ಮುರಿದು ಇಟ್ಟು ಎದ್ದಾಗಲೇ ತನಗೆ ತಿಳಿಯಿತು ಎನ್ನುತ್ತಾರೆ ಕಾಶೆವ್ವ. ಹೋಗಿ ಹೇಳಿ ಬನ್ನಿ ಎಂದು ಎಷ್ಟೋ ಸಲ ಹೇಳಿದರಂತೆ. ಸಂಕ್ರಾಂತಿ ಆಗಲಿ, ಬಸವ ಜಯಂತಿ ಆಗಲಿ, ಮಳೆ ಹಿಡಿಯಲಿ ಎಂದು ಇವರು ಮುಂದೂಡಿದರಂತೆ. ನಾಲ್ಕು ವರ್ಷದ ಹಿಂದೆ ಮುರಿಗೆಪ್ಪ ಹುಕ್ಕೇರಿ ಬಸ್ ನಿಲ್ದಾಣದವರೆಗೂ ಹೋಗಿದ್ದಾರೆ. ಸಂಕೇಶ್ವರದ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅವರು ತಿರುಗಿ ಬಂದರು. "ಬಾಳಿಹಣ್ಣ ತಂದಿದ್ರು ಅವತ್ತ" ಎಂದರು ಕಾಶೆವ್ವ. "ಗಜಾನನನ ಮನಿಗಿ ಅಂತ ತಗೊಂಡಿದ್ದು. ನಾವಿಬ್ಬರ ಕುಂತು ತಿಂದ್ವಿ."

ನೇರವಾಗಿ ಗಜಾನನ ಅವರ ಮುಂದೆ ಹೇಳಿದರೆ ಸಾಲದೇ, ಪೇಪರಿನಲ್ಲಿ ಯಾಕೆ ಎಂದು ನಾನು ಕೇಳಿದೆ. ಮುರಿಗೆಪ್ಪ ಉಸುಕಿನ ಚೀಲವನ್ನು ತಟ್ಟಿ ಸರಿಮಾಡಿದರು. "ಅವನ ಮುಂದ ಹೇಳಿದ್ರ ಅವಗ ಗೊತ್ತಿದ್ದದ್ದ ಹೇಳಿದಂಗ ಆತ್ರಿ. ಗೊತ್ತಿಲ್ಲದವರು ಉಳಿದ ಮಂದಿ."

ಒಬ್ಬರು ತಮ್ಮ ಬಗ್ಗೆ ಹೇಳಿಕೊಂಡದ್ದನ್ನೂ ವಿಚಾರಿಸದೆ ಅಚ್ಚಿಗೆ ಕೊಡಬಾರದು ಎನ್ನಿಸಿ ಹುಕ್ಕೇರಿಗೆ ಹೋದೆ. ಅಣ್ಣಾಸಾಹೇಬರಿಗೆ ಈಗ ಎಪ್ಪತ್ತು ದಾಟಿದೆ. ಅಂದು ಹೊಸ ಚೌಕಟ್ಟುಗಳನ್ನು ಬೇರೆಯವರಿಂದ ಮಾಡಿಸಿದರಂತೆ. ಆಮೇಲೆ ಯಾರು ಕೇಳಿದರೂ ಗಜಾನನನ ಕೈ ಸುಮಾರು ಎಂದು ತಾವೇ ಹೇಳಿದ್ದುಂಟು ಎಂದು ಒಪ್ಪಿಕೊಂಡರು. ಹುಕ್ಕೇರಿಯಿಂದ ಸಂಕೇಶ್ವರದವರೆಗೆ ನಯವಾದ ಕೆಲಸ ಗಜಾನನ ಅವರಿಗೆ ಸಿಗದೆ ಹೋದದ್ದು ಹೀಗೆ. ನಾನು ವಿಷಯ ತಿಳಿಸಿದಾಗ ಅಣ್ಣಾಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಾ ಕೇಳಿದ್ದು ಒಂದ ಮಾತು. ಯಾರ ಕೈ ಅಂದ್ನಿ. ಅಳತಿ ಯಾರದು ಅಂತ ಕೇಳಬೇಕಾಗಿತ್ತು" ಎಂದರು. ಭವನದ ಹೆಸರು ಬೇಡ, ತಮ್ಮ ಹೆಸರು ಹಾಕಲು ಅಡ್ಡಿಯಿಲ್ಲ ಎಂದರು.

ಅಲ್ಲಿಂದ ಸಂಕೇಶ್ವರಕ್ಕೆ ಹೋದೆ. ಹೆದ್ದಾರಿಯ ಬದಿಯಲ್ಲಿ ಲಾರಿಗಳಿಗೆ ಕಟ್ಟಿಗೆಯ ಬಾಡಿ ಕಟ್ಟುವ ಅಂಗಡಿಯಲ್ಲಿ ಗಜಾನನ ಕೆಲಸ ಮಾಡುತ್ತಾರೆ ಎಂದು ತಿಳಿದಿತ್ತು. ಅಂದು ಅವರು ಇರಲಿಲ್ಲ. ಕಣಗಲಾದಲ್ಲಿ ಸಂಬಂಧಿಕರ ಮದುವೆ, ಎರಡು ದಿನ ಬಿಟ್ಟು ಬರುತ್ತಾರೆ ಎಂದರು ಅಂಗಡಿಯ ಮಾಲೀಕ ಬಾಳೇಶ. ಗಜಾನನ ಅವರ ಕೆಲಸದ ಜಾಗ ತೋರಿಸಿದರು. ಉದ್ದುದ್ದ ಹಲಗೆಗಳು, ನೇರವಾಗಿ ಕೊಯ್ದದ್ದು. ಗೂಟಕ್ಕೆ ಒಂದು ಅಂಗಿ, ಅದರ ಕಿಸೆಯಲ್ಲಿ ಟೇಪು.

ಇವರು ದುಂಡಗಿನ ಕೆಲಸ ಮಾಡುವುದಿಲ್ಲವೇ ಎಂದು ಕೇಳಿದೆ. ಬಾಳೇಶ ಸಿಟ್ಟೂ ನಗುವೂ ಬೆರೆಸಿ ಹೇಳಿದರು: "ಕೈಯ ಹಚ್ಚೂದಿಲ್ರಿ. ರೌಂಡ್ ಕೆಲಸ ತಗೊಂಡು ಯಾರರೆ ಬಂದ್ರ, ಮೂಡಲಗಿ ರೋಡಿಗೆ ಒಯ್ಯಿರಿ, ತಗಡಿನ ಶೆಡ್ ಐತಿ, ಅಲ್ಲಿ ಹಾಕಿದ ಗೋಲ ಎಲ್ಲಿ ಸುರು ಆತು ಅನ್ನೂದ ಸಿಗೂದಿಲ್ಲ ಅಂತ ಹೇಳಿ ಕಳಸ್ತಾನ. ಬಾಗಿಲಿಗೆ ಬಂದ ಗಿರಾಕಿನ್ನ ಅಟ್ಟತೀಯಲ್ಲೋ ಅಂತ ಬೈತೇನಿ. ಎಷ್ಟ ವರ್ಷ ಆತು, ಕೇಳಂಗಿಲ್ಲ."

ಆ ಶೆಡ್ಡಿನವರ ಹೆಸರು ಹೇಳುತ್ತಾರೆಯೇ ಎಂದು ಕೇಳಿದೆ. ಬಾಳೇಶ ನೆನಪಿಸಿಕೊಂಡು ಇಲ್ಲವೆಂದರು. ಹೆಸರು ಹೇಳುವುದಿಲ್ಲ, ಜಾಗ ಮಾತ್ರ ಹೇಳುತ್ತಾರೆ. ನನ್ನ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಆ ಅಂಗಿಯ ಕಿಸೆಯಲ್ಲಿ, ಟೇಪಿನ ಪಕ್ಕದಲ್ಲಿ ಇಟ್ಟು ಬಂದೆ. ಬಂದು ಹನ್ನೆರಡು ದಿನವಾಯಿತು, ಫೋನು ಬಂದಿಲ್ಲ.

ಸಂಕೇಶ್ವರದಿಂದ ಬಂದ ಮರುದಿನ ಬೆಳಿಗ್ಗೆಯೇ ಶೆಡ್ಡಿಗೆ ಹೋಗಿ ಮುರಿಗೆಪ್ಪನವರಿಗೆ ಇದನ್ನು ಹೇಳಿದೆ. ಪೇಪರಿನಲ್ಲಿ ಓದಿ ತಿಳಿಯುವುದು ಸರಿಯಲ್ಲ ಎನ್ನಿಸಿತು. ಅವರು ಕಟ್ಟಿಗೆ ಉಜ್ಜುತ್ತಿದ್ದ ಮರಳು ಕಾಗದವನ್ನು ಕೆಳಗಿಟ್ಟರು. ಒಂದೇ ಮಾತು ಕೇಳಿದರು: "ಹೆಸರು ಹೇಳೂದಿಲ್ಲಂತ?"

ಇಲ್ಲವಂತೆ ಎಂದೆ.

ತಲೆಯಾಡಿಸಿದರು. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಕಾಶೆವ್ವ ಲೋಟ ಇಟ್ಟು ಒಳಗೆ ಹೋದರು. ಮೂಲೆಯಲ್ಲಿ ಸಂಕೇಶ್ವರದಿಂದ ಬಂದ ಸೌಂಡ್ ಬಾಕ್ಸಿನ ಹಲಗೆಗಳು ಒರಗಿದ್ದವು. ಅವುಗಳನ್ನು ಮುರಿಗೆಪ್ಪ ಹೊಸದಾಗಿ ನೋಡುವವರ ಹಾಗೆ ನೋಡಿದರು. ಒಂದನ್ನು ಎತ್ತಿ ಮೇಜಿನ ಮೇಲೆ ಹಾಕಿ, ಗೆರೆ ಎಳೆದು, ಮೊಳೆ ಹೊಡೆದು, ಅಳೆದರು. ನಾನು ಏನೂ ಕೇಳದಿದ್ದರೂ ಅವರೇ ಹೇಳಿದರು: "ಅಂವ ಬಂದು ಮಾತಾಡಬೇಕು ಅಂತ ಇಲ್ರಿ. ಒಮ್ಮೆ ಟೇಪ ಹಿಡದು ನೋಡಿದ್ರ ಸಾಕು."

ಆಮೇಲೆ "ಆರ ಇಂಚ ಮೂರ ಸೂತ" ಎಂದು ಕೂಗಿದರು. ಕಾಯ್ದರು. ದಿನಕ್ಕಿಂತ ಹೆಚ್ಚು ಹೊತ್ತು ಕಾಯ್ದರು. ಟೇಪು ನನ್ನ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಕಿಂಡಿಗೆ ಹೊರ ಅಂಚು ಎಂಬುದನ್ನು ಅವರೇ ನನಗೆ ಕಲಿಸಿದ್ದರು. ಆದರೂ ಅದು ನಾನು ತುಂಬುವ ಜಾಗವಲ್ಲ ಎನ್ನಿಸಿ ಟೇಪು ಮುಟ್ಟಲಿಲ್ಲ. ಅವರು ಸ್ವಿಚ್ಚು ಒತ್ತಿದರು.

ಹುಕ್ಕೇರಿಯ ಆ ಹದಿನಾಲ್ಕು ಚೌಕಟ್ಟುಗಳ ಅಳತೆ ಕೂರಿಸಿದವರು ಮುರಿಗೆಪ್ಪ ಬಡಿಗೇರ, ಗಜಾನನ ಸುತಾರ ಅಲ್ಲ. ಇದನ್ನು ಮುರಿಗೆಪ್ಪನವರ ಮಾತಿನ ಮೇಲೆ, ಅಣ್ಣಾಸಾಹೇಬರಿಗೆ ತಿಳಿಸಿ, ಇಲ್ಲಿ ದಾಖಲಿಸುತ್ತಿದ್ದೇನೆ. ಉಳಿದದ್ದು ನನಗೆ ಗೊತ್ತಿಲ್ಲ. ಹೆಸರನ್ನು ಬಾಯಿಗೆ ತಾರದೆ ಇಷ್ಟು ವರ್ಷ ಆ ಶೆಡ್ಡಿಗೆ ಕೆಲಸ ಕಳಿಸುವುದನ್ನು ಕ್ಷಮೆ ಎನ್ನಬೇಕೋ, ಬೇರೆ ಏನೆನ್ನಬೇಕೋ ಗೊತ್ತಿಲ್ಲ. ಅಂಗಿಯ ಕಿಸೆಯಲ್ಲಿಟ್ಟ ಚೀಟಿ ಗಜಾನನ ಅವರಿಗೆ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಲಾರಿ ಬಾಡಿ ಕಟ್ಟುವ ಆ ಅಂಗಡಿಗೆ ಈ ಪತ್ರಿಕೆ ಬರುತ್ತದೆಯೇ ಎಂದು ಬಾಳೇಶ ಅವರನ್ನು ಕೇಳಬೇಕಿತ್ತು. ಕೇಳಲು ಮರೆತೆ.